ಬೆಳೆಯುವ ಮೂಲವನ್ನು ಬಿಟ್ಟು

ಕೊರವಂಗಲದ ಗೇಟಿನಿಂದ ಹಾಸನದ ಹೊರ ಸಿಗ್ನಲ್ಲಿನವರೆಗೆ
ಅಪ್ಪನ ಬೀಟು.
ಹೆಗಲಿಗೆ ಸ್ಪ್ಯಾನರು, ಕೈಗೆ ಉದ್ದ ಕಾವಿನ ಸುತ್ತಿಗೆ,
ಸೊಂಟದಲ್ಲಿ ಮಡಿಸಿಟ್ಟ ಕೆಂಪು ಬಾವುಟ.
ಟಣ್ ಅಂದರೆ ಮುಂದೆ.
ಟೊಕ್ ಅಂದರೆ ನಿಂತು, ಕುಕ್ಕರಗಾಲಲ್ಲಿ ಕೂತು,
ಕೀಲಿ ಬಡಿದು, ಮತ್ತೆ ಕಿವಿಗೊಟ್ಟು,
ಟಣ್ ಅನ್ನುವ ತನಕ ಬೀಡಿ ಹಚ್ಚುತ್ತಿರಲಿಲ್ಲ.

ಆ ಎರಡು ಸದ್ದುಗಳ ನಡುವಿನ ವ್ಯತ್ಯಾಸಕ್ಕೆ
ನಾನು ನೂರಾ ಎಂಬತ್ತೆರಡು ಪುಟ ಬರೆದೆ.

ಟೈಪಿಸ್ಟ್ ಸಿಪ್ರಿಯನ್ನನ ಯಂತ್ರಕ್ಕೆ ಗ್ರೀಕ್ ಬರುತ್ತಿರಲಿಲ್ಲ.
ಲ್ಯಾಮ್ಡಾ, ಮ್ಯೂ ಇದ್ದಲ್ಲೆಲ್ಲ ಬೆರಳಗಲ ಜಾಗ ಬಿಟ್ಟು
"ಹಲ್ಲು ಬಿದ್ದ ಬಾಯಿ ಮೇಡಂ, ನೀವೇ ಕಟ್ಟಿಸ್ಕೊಳಿ" ಅಂದ.
ಸಾಲಗಾಮೆ ರಸ್ತೆಯ ಬಾಡಿಗೆ ಕೋಣೆ, ಐದು ಪ್ರತಿ,
ಇಂಡಿಯನ್ ಇಂಕು, ಕಾರ್ಬನ್ನಿನ ನೀಲಿ ಮೆತ್ತಿದ ಹೆಬ್ಬೆರಳು.
ಮ್ಯೂ ಅಂದರೆ, ಅಡ್ಡ ಒನೆದಾಗ ಘನವಸ್ತು ತೋರುವ ಹಟ.
ಲ್ಯಾಮ್ಡಾಕ್ಕೆ ಅಂಥ ಸರಳ ಅರ್ಥವಿಲ್ಲ,
ಅದಿಲ್ಲದೆ ಸಮೀಕರಣವೂ ನಿಲ್ಲುವುದಿಲ್ಲ.
ಎಲ್ಲ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ.

'ಏಕರೂಪವಾದ, ಎಲ್ಲ ದಿಕ್ಕಿಗೂ ಸಮನಾದ ಘನವೊಂದನ್ನು ಭಾವಿಸಿ'
ಪ್ರತಿ ಅಧ್ಯಾಯ ಶುರುವಾಗುವುದು ಹೀಗೆ.
ಅಪ್ಪನಿಗೆ ಓದಿ ಹೇಳಿದೆ. ನಕ್ಕ.
"ಎಲ್ಲವ್ವಾ ಕಂಡೆ ಅಂಥಾ ಕಬ್ಬಿಣಾವ?
ಅದೇ ಕಂಬಿ ಹೊತ್ತಾರೆ ಒಂದು ದನಿ,
ಮಟಮಟ ಮಧ್ಯಾನ್ನ ಇನ್ನೊಂದು."
ಉಷ್ಣದ ಪದವನ್ನು ನಾನು ಮೂರನೇ ಪುಟದಲ್ಲೇ
ಸೊನ್ನೆ ಮಾಡಿದ್ದೆ.
ಹೇಳಲಿಲ್ಲ.

ವರದಾಚಾರ್ ಸರ್ ಕಲಿಸಿದ್ದು ಒಂದು ಸಾಲು:
ಎರಡು ಮೂಲಗಳು ಸಿಗುತ್ತವೆ. ಒಂದು, ಆಳಕ್ಕಿಳಿದಂತೆ ಕುಂದುತ್ತದೆ.
ಇನ್ನೊಂದು ಬೆಳೆಯುತ್ತದೆ, ಬೆಳೆದೇ ಬೆಳೆಯುತ್ತದೆ.
ಬೆಳೆಯುವುದನ್ನು ಬಿಟ್ಟುಬಿಡಿ. ಪ್ರಕೃತಿ ಒಪ್ಪುವುದಿಲ್ಲ.
ಇಪ್ಪತ್ಮೂರು ಪ್ರಬಂಧಗಳಲ್ಲಿ ಆ ಸಾಲನ್ನು ಬರೆದಿದ್ದೇನೆ,
ಕೈ ನಡುಗದೆ.

ಸೈನ್ಸ್ ಕಾಲೇಜು, ಮೂವತ್ತೊಂದು ವರ್ಷ.
ಸೀಮೆಸುಣ್ಣ, ಇನ್ವಿಜಿಲೇಶನ್ನು, ಜನಗಣತಿ,
ಹನ್ನೊಂದು ತಿಂಗಳು ಕಾಯಿಸಿ ಪರಿಶೀಲಕ ಬರೆದ ಎರಡೇ ಪದ:
'ಹೊಸತೇನಿದೆ?'
ಒಮ್ಮೆ ಮೈಸೂರು ಡಿವಿಷನ್ನಿನಿಂದ ಪತ್ರ ಬಂತು.
ಕಂಬಿಯೊಳಗಿನ ಬಿರುಕನ್ನು ನಿಮ್ಮ ಸೂತ್ರ ಹಿಡಿದೀತೆ?
ಲೆಟರ್‌ಹೆಡ್ಡಿನಲ್ಲಿ ಉತ್ತರಿಸಿದೆ:
ನನ್ನ ಘನದಲ್ಲಿ ಬಿರುಕಿಲ್ಲ. ಕ್ಷಮಿಸಿ.
ಅಪ್ಪ ಆಗಿನ್ನೂ ಬದುಕಿದ್ದ.
ಕೇಳಬಹುದಿತ್ತು.

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾಜ್ನೀನ್ ಬಂದಳು,
ಎಂ.ಎಸ್ಸಿ. ಹುಡುಗಿ, ಕೈಯಲ್ಲಿ ನನ್ನದೇ ಹಳೇ ಲೇಖನ.
"ಮೇಡಂ, ನಾಲ್ಕು ಬಿಂದು ಹದಿನೇಳರಲ್ಲಿ
ಇದು ಮೈನಸ್ ಅಲ್ವಾ?"
ಮೈನಸ್ಸೇ.
ಹತ್ತೊಂಬತ್ತು ವರ್ಷ ಅದು ಪ್ಲಸ್ಸಾಗಿ ಓಡಾಡಿಕೊಂಡಿತ್ತು.
ಉಲ್ಲೇಖಿಸಿದ ಹದಿನಾಲ್ಕು ಮಂದಿಯೂ
ತಲೆಯಾಡಿಸಿ ಹೋಗಿದ್ದರು.
ರಾತ್ರಿಯಿಡೀ ಮೊದಲಿಂದ ಮಾಡಿದೆ, ಅಂಚಿನ ನಿಬಂಧನೆಯಿಂದ.
ನಾಲ್ಕು ಗಂಟೆಗೆ ಹಾಲಿನ ವ್ಯಾನು ಬಂದಾಗ ಉತ್ತರ ಸಿಕ್ಕಿತ್ತು:
ಅಲೆ ಈಗಲೂ ಸಾಗುತ್ತದೆ.
ಸ್ವಲ್ಪ ನಿಧಾನ.
ಅಷ್ಟು ನಗು ನನಗೆ ಮದುವೆ ಮನೆಗಳಲ್ಲೂ ಬಂದಿರಲಿಲ್ಲ.

ತಿದ್ದುಪಡಿ ಅಚ್ಚಾಯಿತು, ಆರು ಸಾಲು,
ಕೊನೆಗೆ ನಾಜ್ನೀನಳ ಹೆಸರು.

ಮೊನ್ನೆ ಕೊರವಂಗಲಕ್ಕೆ ಹೋಗಿದ್ದೆ.
ಕಂಬಿ ಈಗ ಅಗಲವಾಗಿದೆ, ಮೈಲುಗಟ್ಟಲೆ ಬೆಸುಗೆ,
ಟೊಕ್ ಅನ್ನುವ ಸಂದುಗಳೇ ಕಡಿಮೆ.
ಕಿತ್ತಳೆ ಅಂಗಿಯ ಹುಡುಗನ ಹತ್ತಿರ
ಸುತ್ತಿಗೆ ಕೇಳಿದೆ. ಯಾಕೋ, ಕೊಟ್ಟ.
ಹೊಡೆದೆ.
ಒಂದು ಪಾಲು ಉದ್ದಕ್ಕೆ ಹೋಗುತ್ತದೆ, ಒಂದು ಪಾಲು
ಸ್ಲೀಪರಿನ ಮೂಲಕ ಜಲ್ಲಿಗೆ, ಮಣ್ಣಿಗೆ ಇಳಿಯುತ್ತದೆ;
ಎಷ್ಟೆಷ್ಟು ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲೆ.
ಕೂತೆ, ಮಂಡಿ ನೋಯುತ್ತಿತ್ತು, ಕಿವಿ ಇಟ್ಟೆ.
ಕಬ್ಬಿಣ ಬಿಸಿಯಿತ್ತು.
ಆ ಬಿಸಿಗೆ ಒಂದು ದನಿಯಿತ್ತು.

"ಅಮ್ಮಾ, ಗಾಡಿ ಬರೋ ಹೊತ್ತು" ಅಂದ ಹುಡುಗ,
"ಈಚೆ ಬನ್ನಿ."