ಸ್ಯಾಂಪಲ್ ನಂಬರ್ ಹದಿನೇಳು

ಈಚಲು ಮರದ ವಯಸ್ಸು ಕೇಳಬೇಡಿ, ಎಣಿಸಿ.
ಒಂದು ವರ್ಷ ಮೂಡಲಿಗೆ ಕೆತ್ತಿದರೆ
ಮರುವರ್ಷ ಪಡುವಲಿಗೆ.
ಹಾಗೆ ಎಡಕ್ಕೊಂದು ಬಲಕ್ಕೊಂದು ಕಚ್ಚು ಬಿದ್ದು
ಮರ ಕುಡಿದವನ ಹಾಗೆ ಓಲಾಡಿಕೊಂಡು
ಮೇಲಕ್ಕೆ ನಡೆದಿರುತ್ತದೆ,
ತಾನು ಒಂದು ತೊಟ್ಟೂ ಕುಡಿಯದೆ.

ಕೊಡಿಗೇನಹಳ್ಳಿಯಾಚೆ, ಜಯಮಂಗಲಿಯ ಮರಳಂಚಿಗೆ
ನಮ್ಮಪ್ಪ ಕದರಪ್ಪನ ಮರಗಳು ಹನ್ನೊಂದು.
ಅವನವಲ್ಲ, ಸರ್ಕಾರದವು;
ಕಚ್ಚುಗಳು ಮಾತ್ರ ಅವನವು.

ಸಂಜೆ ಗಡಿಗೆಯೊಳಕ್ಕೆ ಕೈ ಇಳಿಬಿಟ್ಟು
ಸುಣ್ಣ ಸವರುವುದು ನನ್ನ ಕೆಲಸ.
ಎಂಟು ವರ್ಷದ ಕೈ,
ಗಡಿಗೆಯ ಕಂಠಕ್ಕೆ ಸರಿಯಾದ ಅಳತೆ.
ಹೆಚ್ಚಾದರೆ ನಾಲಗೆ ಸುಡುತ್ತದೆ,
ಕಡಿಮೆಯಾದರೆ ನೀರಾ ನಿದ್ದೆಗೆಟ್ಟು
ರಾತ್ರೋರಾತ್ರಿ ಹೆಂಡವಾಗುತ್ತದೆ.
"ಅಜ್ಜಿ ಎಲೆಗೆ ಹಚ್ತಾಳಲ್ಲ, ಅಷ್ಟು," ಅಂತ ಅಪ್ಪ.
ಎಷ್ಟು ಹಚ್ಚುತ್ತಾಳೆಂದು
ಅಜ್ಜಿಗೂ ಗೊತ್ತಿರಲಿಲ್ಲ.

ಕೋಳಿ ಕೂಗುವ ಮುಂಚೆ ಅಪ್ಪ ಇಳಿಯುತ್ತಿದ್ದ,
ಸೊಂಟದಲ್ಲಿ ಕತ್ತಿ, ಹೆಗಲಿಗೆ ಮೋಕು,
ಗಡ್ಡದಲ್ಲಿ ಈಚಲ ಹೊಟ್ಟು.
ಗಡಿಗೆಯಲ್ಲಿ ನಾಲ್ಕು ಜೇನ್ನೊಣ ಸತ್ತು ತೇಲುತ್ತಿದ್ದವು.
ಬೆರಳಲ್ಲಿ ಎತ್ತಿ ಹಾಕಿ
ಮೊದಲ ಲೋಟ ನನಗೆ.
ಮೊದಲು ತಣ್ಣಗೆ,
ಆಮೇಲೆ ಸಿಹಿ,
ಕಡೆಗೆ ಗಂಟಲಲ್ಲಿ ಸುಟ್ಟ ಮಣ್ಣಿನ ಒಂದು ಎಳೆ.
ಬಿಸಿಲು ಬೇಲಿ ದಾಟುವುದರೊಳಗೆ
ಅಷ್ಟೂ ಮಾರಿ ಮುಗಿಯಬೇಕು.
ಸಿಹಿಗೆ ನಮ್ಮಲ್ಲಿ ಗಡಿಯಾರ ಇತ್ತು.

ಪುಷ್ಯಮಾಸದ ಒಂದು ಶುಕ್ರವಾರ ಅಬಕಾರಿ ಜೀಪು ಬಂತು.
ಸಾಹೇಬರು ಕೆಟ್ಟವರಲ್ಲ.
ಎರಡು ಲೋಟ ಕುಡಿದು, ಮೀಸೆ ಒರೆಸಿಕೊಂಡು
"ಸಿಹಿಯಾಗೈತಲ್ಲಪ್ಪ" ಅಂದರು.
ಆದರೂ ರೂಲ್ಸು ರೂಲ್ಸೇ.
ಒಂದು ಬಾಟಲಿ, ಅದಕ್ಕೆ ಬಿರಡೆ, ದಾರ, ಅರಗು,
ಚೀಟಿಯ ಮೇಲೆ ನಂಬರ್ ಹದಿನೇಳು.
ಹೊತ್ತು ಬರೆಯುವ ಜಾಗ ಆ ಚೀಟಿಯಲ್ಲಿ ಇರಲಿಲ್ಲ.

ಬಾಟಲಿ ಮಧುಗಿರಿಯ ಮೇಜಿನ ಮೇಲೆ
ಶನಿವಾರ ಕಳೆಯಿತು, ಭಾನುವಾರ ಕಳೆಯಿತು.
ಸೋಮವಾರ ತುಮಕೂರು.
ಬೆಂಗಳೂರಿನ ದಾರಿಯಲ್ಲಿ, ದಾಬಸ್‌ಪೇಟೆ ಹತ್ತಿರ
ಬಿರಡೆ ತಾನೇ ಹಾರಿತೆಂದು
ಡ್ರೈವರ್ ಆಮೇಲೆ ಹೇಳಿದ.
ವರದಿ ಬಂತು: ಮದ್ಯಸಾರ ಇದೆ.

ಕೋರ್ಟಿನಲ್ಲಿ ಅಪ್ಪ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಅಂದ:
"ಸ್ವಾಮಿ, ನಾನು ಕೊಟ್ಟಾಗ ಅದು ಮಗು.
ನೀವು ನೋಡೋ ಹೊತ್ತಿಗೆ
ಅದಕ್ಕೆ ಮೀಸೆ ಬಂದಿತ್ತು."
ಎಲ್ಲರೂ ನಕ್ಕರು. ಮ್ಯಾಜಿಸ್ಟ್ರೇಟರೂ.
ನಗು ದಾಖಲಾಗಲಿಲ್ಲ,
ದಂಡ ದಾಖಲಾಯಿತು.

ಈಗ ನಾನು ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ
ಯಾರಯಾರದೋ ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುತ್ತೇನೆ.
ತೆಗೆದ ಹೊತ್ತು ಒಂದು ಸಲ, ತಲುಪಿದ ಹೊತ್ತು ಒಂದು ಸಲ.
"ಅದೇನು ಅಷ್ಟು ಒತ್ತಿ ಬರೀತೀರಿ ಚಿಕ್ಕರಂಗಮ್ಮ,
ಪೇಪರ್ ಹರಿಯುತ್ತೆ" ಅನ್ನುತ್ತಾರೆ ಜೊತೆಯವರು.
ಹರಿಯಲಿ.

ಆ ಮರಗಳು ಅಲ್ಲೇ ಇವೆ, ಎಂಟು ಉಳಿದಿವೆ.
ತುದಿಯ ಮರದಲ್ಲಿ
ಅಪ್ಪನ ಕಡೆಯ ಕಚ್ಚಿನಿಂದ ಮೇಲೆ
ಎರಡು ಗೇಣು ನುಣುಪು.
ಅದು ಅವನು ಹತ್ತದ ವರ್ಷಗಳು.
ಅದರ ಮೇಲೆ ಇನ್ನೊಂದು ಕಚ್ಚಿದೆ,
ಆಳವಿಲ್ಲ, ಸೊಟ್ಟ,
ಕತ್ತಿ ಹಿಡಿದು ಅಭ್ಯಾಸವಿಲ್ಲದ ಕೈಯದು.
ಒಂದು ಲೋಟವೂ ತುಂಬಲಿಲ್ಲ ಅವತ್ತು.

ಅದು ಯಾರದೆಂದು
ಇನ್ನೂ ಯಾರೂ ಕೇಳಿಲ್ಲ.