ಅ ಅಲ್ಲ, ಉ

ಶುಕ್ರವಾರದ ಸಂತೆಯಲ್ಲಿ ಎಂಟು ದಿನಾರಿಗೆ ತಂದೆ.
ಒಂಬತ್ತು ಹೇಳಿದ್ದ; ಪರದೆಯ ಮೂಲೆಯ ಬಿರುಕು ತೋರಿಸಿ ಒಂದು ಇಳಿಸಿದೆ.
ಅಬ್ಬಾಸಿಯಾದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ.
ಪಕ್ಕದವನು ಕೇಳಿದ: ಮೈಕ್ರೋವೇವಾ?

ಹಚ್ಚಿದರೆ ನೀಲಿಯ ಮೇಲೆ ಅರಬಿಯಲ್ಲಿ ಒಂದು ಸಾಲು.
ಡ್ರೈವರ್ ತಿಲಕ್ ಬಹಾದೂರ್ ಓದಿ ಹೇಳಿದ:
ನಿನ್ನ ಅವಧಿ ಮುಗಿದಿದೆ, ನವೀಕರಿಸು.
ಕೋಣೆಯ ನಾಲ್ಕೂ ಜನ ಒಂದು ಗಳಿಗೆ
ಕಿಸೆ ಮುಟ್ಟಿ ನೋಡಿಕೊಂಡೆವು.
ಇಕಾಮಾ ಅಲ್ಲ ಮಾರಾಯ್ರೆ, ಕಂಪ್ಯೂಟರಿನದು.

ಮೇಲಿನ ಮಹಡಿಯ ಇಸುಬ್ಬು ಬಂದ,
ಏಸಿ ಡಕ್ಟು ತೊಳೆಯುವವ, ಉಗುರಲ್ಲಿ ಇನ್ನೂ ಧೂಳು,
ಕೀಗೊಂಚಲಲ್ಲಿ ಪೆನ್‌ಡ್ರೈವು.
ಹಳೆಯದನ್ನೆಲ್ಲ ಗುಡಿಸಿ ಹೊಸದು ತುಂಬಿಸಿದ:
ಬರೆಯಲಿಕ್ಕೊಂದು, ಲೆಕ್ಕಕ್ಕೊಂದು,
ಸಿನಿಮಾ ನೋಡಲಿಕ್ಕೊಂದು.
ಎಷ್ಟಾಯ್ತು? ಒಂದು ಚಾ.
ಅಲ್ಲ, ಇದಕ್ಕೆ? ದುಡ್ಡಿಲ್ಲ.
ಕದ್ದದ್ದಾ? ಮಾಡಿದವರೇ ಕೊಟ್ಟದ್ದು.
ಬಿಟ್ಟಿಯಾ?
ಅವ ಸ್ವಲ್ಪ ಯೋಚಿಸಿದ.
ಬಿಟ್ಟಿ ಅಂದರೆ ನಾವು ಮೊದಲಿನ ಕಂಪೆನಿಯಲ್ಲಿ ಮೂರು ತಿಂಗಳು ಮಾಡಿದ್ದು.
ಇದು ಬೇರೆ.
ಇದಕ್ಕೆ ಕಫೀಲ್ ಇಲ್ಲ.

ಕೀಲಿಮಣೆಯಲ್ಲಿದ್ದದ್ದು ಅರಬಿ, ಇಂಗ್ಲಿಷು.
ಲಾಂಡ್ರಿಯಿಂದ ಗುರುತಿನ ಪಟ್ಟಿ ತಂದೆ,
ದಿಶ್‌ದಾಶದ ಕಾಲರಿನ ಒಳಗೆ ಅಂಟಿಸುವಂಥದ್ದು.
ನೂರು ಸಲ ಒಗೆದರೂ ಬಿಡದ ಮಸಿಯಲ್ಲಿ
ಕ ಗ ಚ ಜ ಬರೆದು ಗುಂಡಿ ಗುಂಡಿಗೆ ಒತ್ತಿದೆ.
ಹದಿಮೂರು ವರ್ಷದ ಮೇಲೆ ಬೆರಳ ತುದಿಗೆ ಒತ್ತಕ್ಷರ.

ಪರದೆಯ ನೆತ್ತಿಯ ಮೇಲೂ ಕನ್ನಡವೇ: ಕಡತ, ಸಂಪಾದನೆ, ನೋಟ.
ಸಂಪಾದನೆ! ಊರಿಗೆ ಫೋನು ಮಾಡಿದರೆ ಮೊದಲ ಪ್ರಶ್ನೆ.
ಒತ್ತಿ ನೋಡಿದೆ.
ಕತ್ತರಿಸು, ನಕಲಿಸು, ಅಂಟಿಸು.
ಸರಿಯಾಗೇ ಇದೆ ಎಂದ ಜೆರೋಮ್, ಸಂಬಳದ ಚೀಟಿ ಮಡಚುತ್ತ.

ಕೋಣೆಯ ಮೆಸ್ಸಿನ ತಿಂಗಳ ಲೆಕ್ಕ ಒಂದೇ ರಾತ್ರಿ ಬಡಿದೆ:
ಖುಬ್ಬೂಸು, ಬೇಳೆ, ಒಂದೇ ಒಂದು ಸಲ ಜುಬೈದಿ ಮೀನು,
ತಿಲಕ ಯಾವಾಗಲೂ ತಕರಾರು ತೆಗೆಯುವ ಈರುಳ್ಳಿ.
ಮುಚ್ಚುವಾಗ ಎರಡು ಗುಂಡಿ ಎದ್ದು ನಿಂತವು.
ಅಳಿಸಿ ಹೊರಹೋಗು.
ಅಳಿಸದೆ ಹೊರಹೋಗು.
ಬುದ್ಧಿವಂತ ನಾನು, ಎರಡನೆಯದನ್ನು ಒತ್ತಿದೆ.
ಎಲ್ಲ ಹೋಯಿತು.

ಬೈದೆ. ದೀಪ ಆರಿಸಿ ಮಲಗಿದ ಮೇಲೆ ಹೊಳೆಯಿತು,
ಉ ಇರಬೇಕಾದಲ್ಲಿ ಅ.
ನಮ್ಮಲ್ಲಿ ಹೀಗೆ ಗುರುತು ತಪ್ಪಿದರೆ
ಮದುಮಗನ ಬಿಶ್ತು ಯಾರದೋ ಅಜ್ಜನ ಮನೆಗೆ.
ಹೋದ ವರ್ಷ ಆಗಿದೆ. ಎರಡು ದಿನದ ಸಂಬಳ.

ಇಸುಬ್ಬು ಹೇಳಿದ, ಬರೆ ಅವರಿಗೆ.
ಯಾರಿಗೆ?
ಮಾಡಿದವರಿಗೆ.
ಏನೆಂದು ಬರೆಯಲಿ, ಇಸ್ತ್ರಿಯವ?
ಸಿವಿಲ್ ಐಡಿ ಕೇಳಿದರೆ?
ಕೇಳಲಿಲ್ಲ.
ನಾಲ್ಕೇ ಶಬ್ದ ಕಳಿಸಿದೆ: ಅ ಅಲ್ಲ, ಉ. ನೋಡಿ.

ಹನ್ನೊಂದನೆಯ ದಿನ ಉತ್ತರ.
ವಸುಮತಿ ಎಂಬವರು, ಯಾವ ಊರೋ ಬರೆದಿಲ್ಲ.
ಹೌದು, ತಪ್ಪು ನನ್ನದೇ. ಎಲ್ಲ ಕೆಲಸ ಮುಗಿಸಿ
ರಾತ್ರಿ ಎರಡಕ್ಕೆ ಕೂತು ಕನ್ನಡ ಮಾಡಿದ್ದು, ಮಗುವಿಗೆ ಜ್ವರ ಬೇರೆ.
ನಿಮ್ಮದು ಎಷ್ಟು ಹೋಯಿತು?

ನನ್ನದು ಎಷ್ಟು ಹೋಯಿತು ಎಂದು
ಈ ಹದಿಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಆಗಸ್ಟಿನಲ್ಲಿ ಹೊಸದು ಬಂತು,
ತಣ್ಣೀರಿನ ನಲ್ಲಿಯೂ ಕೈ ಸುಡುವ ದಿನ.
ಕಂಪ್ಯೂಟರು ಕೆಮ್ಮಿ, ಮಲಗಿ, ಎದ್ದು ಕೂತಿತು.
ಉಳಿಸಿ ಹೊರಹೋಗು.
ಜೆರೋಮ್ ಕೇಳಿದ, ಎಷ್ಟು ಕೊಟ್ಟರು ನಿನಗೆ?
ಧರ್ಮಕ್ಕೆ ಮಾಡಿದ್ದು, ಅಂದೆ.
ನಗಾಡಿಕೊಂಡು ಹೋದವನು
ತಿರುಗಿ ಬಂದು ಆ ಉ ಅನ್ನು ಬಗ್ಗಿ ನೋಡಿದ.

ಈಗ ಬರೆಯಲು ಏನೂ ಇಲ್ಲದ ರಾತ್ರಿಯೂ
ಒಂದು ಸಾಲು ಬಡಿದು ಆ ಗುಂಡಿಯ ತನಕ ಹೋಗುತ್ತೇನೆ,
ಇಸ್ತ್ರಿಪೆಟ್ಟಿಗೆ ಕಾದಿದೆಯೋ ಎಂದು
ಒದ್ದೆ ಬೆರಳು ತಾಗಿಸಿ ನೋಡುವ ಹಾಗೆ.
ಚುಂಯ್.