ಕಾಯ್ತಾನ

ಬೈನಾದಾಗ ನಳಕ್ಕ ನೀರು ಬರೂದು ಸಂಜೀ ನಾಕಕ್ಕ,
ಇಲ್ಲಾ ಆರಕ್ಕ, ಇಲ್ಲಾ ನಾಳಿಗೆ.
ಪಾಳಿಯೊಳಗ ಕೊಡ ಇಟ್ಟು, ಕೊಡದ ಬಾಯಿಗೆ ಕಲ್ಲಿಟ್ಟು
ನಾ ಇನಾಸಿನ್ ಬಾಯಿ ಅಂಗಡಿಗೆ ಓಡತಿದ್ದೆ.
ತಗಡಿನ ಚಪ್ಪರದ ಕೆಳಗ ಮೂರು ಮಷೀನು,
ಎರಡು ಸತ್ತಿದ್ವು.
ಮೂರನೇದರ ಗಾಜಿನ ಮ್ಯಾಲ ಬಂದರಿನ ಕಲ್ಲಿದ್ದಲ ಧೂಳು.
ಅಂಗೈಲೆ ಒರಸಿದ್ರ ಎಂಟು ಮುಖ.

ಎಂಟು ಮುಖ, ಹತ್ತು ಎಣಿಕಿ.
ಹತ್ತರೊಳಗ ನೀ ಯಾರಂತ ಹೇಳಬೇಕು,
ಹೇಳದಿದ್ರ ಮಷೀನೇ ಹೇಳತೈತಿ.

ಮೊದಲ ಎಲ್ಲಾರೂ ಕೈಯಾಗ ಬೆಂಕಿ ಇದ್ದಾವನ್ನ ತಗೋತಾರ.
ನಾನೂ ತಗೊಂಡೆ.
ಬೆಂಕೀನ್ನ ದೂರ ನಿಂತು ಒಗೀಬೇಕು.
ನನಗ ದೂರ ನಿಲ್ಲಾಕ ಬರೂದಿಲ್ಲ,
ಒಂದ ಖೋಲಿಯೊಳಗ ಆರು ಮಂದಿ ಮಲಗಿ ಬೆಳದಾಕಿ.
"ನೀ ಹುಡುಗಿ, ಹುಡುಗೀನ್ನ ತಗೋ" ಅಂದ್ರು.
ಆಕಿ ಜಡಿಯೊಳಗ ಚೂರಿ ಕಟ್ಟಿಕೊಂಡಾಕಿ,
ನೆಲಕ್ಕ ಕಾಲೂರೂದ ಇಲ್ಲ,
ಜಿಗಿತಾಳ, ತಿರಗತಾಳ, ಬಡದು ನಗತಾಳ.
ಆಕಿಗೆ ಐದು ಗುಂಡಿ ಐದು ಬೆರಳಿಗೆ ಒಮ್ಮೆಲೆ ನೆನಪಿರಬೇಕು.
ನನ್ನವು ರೊಟ್ಟಿ ಬಡಿಯೂ ಬೆರಳು,
ಒಂದ ತಾಳ ಗೊತ್ತು ಅವಕ್ಕ.
ಕೋಲಿನ ಮುದುಕನ್ನ ಒಂದು ವಾರ ಆಡಿಸಿದೆ:
ಆತನ ಕೋಲು ಉದ್ದ, ನನ್ನ ಸಿಟ್ಟು ಗಿಡ್ಡ.

ಯಾವಾಗ ನೋಡಿದ್ರೂ ಎದುರಿಗೆ ಕಾಯ್ತಾನ.
ಟ್ರಾಲರಿನವರ ಮಗ. ಹೆಸರು ಕೇಳಿ ನಮ್ಮವ್ವ ನಕ್ಕಿದ್ಲು:
"ಯಾರಿಗೆ ಕಾಯ್ತಾನವ್ವಾ ಆತ?"
ಆತ ಯಾರಿಗೂ ಕಾಯೂದಿಲ್ಲ.
ಘಂಟಿ ಬಡಿಯೂದರೊಳಗ ಹಾರಿರತಿದ್ದ,
ನಾ ಕಣ್ಣು ಪಿಳಕಿಸೂದರೊಳಗ ನಾ ಮಲಗಿರತಿದ್ದೆ.

ಇನಾಸಿನ್ ಬಾಯಿ ಚಿಲ್ಲರ ಎಣಸ್ತಿದ್ಲು.
ತಲಿ ಎತ್ತಲಿಲ್ಲ, ತನ್ನ ಮುರಕ ಕನ್ನಡದಾಗ ಅಂದ್ಲು:
"ಪೋರಿ, ಯಾರು ಚಂದ ನೋಡಬ್ಯಾಡ.
ಮೂಲಿಗೆ ತಳ್ಳಿದಾಗ ನಿಂದು ಕೈ ಏನು ಮಾಡತದ,
ಅದು ನೋಡು."

ಅವತ್ತ ಪಾಳಿಯೊಳಗ ನೋಡಿದೆ.
ಹಿಂದಿನಾಕಿ ಮೊಣಕೈಲೆ ತಿವಿದ್ಲು, ಮುಂದ ನುಗ್ಗಿದ್ಲು.
ನಾ ಒದರಲಿಲ್ಲ. ಕೊಡ ಹೊಟ್ಟಿಗೆ ಒತ್ತಿ ಹಿಡದೆ,
ತಳ್ಳಿಸಿಕೊಂಡೆ.
ಆಕೀ ಕಾಲು ಎದ್ದಾಗ
ಆ ಕಾಲಿನ ಜಾಗಾದಾಗ ನಾ ನಿಂತಿದ್ದೆ.

ಮರುದಿನ ಎಂಟನೇ ಮುಖ ಒತ್ತಿದೆ,
ಹುಡುಗರು ಗೋಣಿಚೀಲ ಅಂತ ಕರಿಯಾವನ್ನ.
ಕುತ್ತಿಗಿ ಇಲ್ಲ, ಬೆಂಕಿ ಇಲ್ಲ.
ನೆಲಾನ್ನ ಕೇಳಿ ಕೇಳಿ ಹೆಜ್ಜಿ ಇಡತಾನ.
ಬರೂದು ಇಷ್ಟ: ತಡಕೊಳ್ಳೂದು, ಹತ್ರ ಹೋಗೂದು, ಹಿಡಿಯೂದು,
ಎತ್ತೂದು.

ಮೂರು ರೂಪಾಯಿ ಸೋತೆ.
ಆದ್ರ ಇಷ್ಟ ದಿನ ಯಾರ್ಯಾರೋ ಸೋತಿದ್ರು,
ಅವತ್ತ ನಾನ ಸೋತೆ.

ಆಮ್ಯಾಲ ಮೆಲ್ಲಕ ತಿಳೀತು,
ಗಾಳಿಯೊಳಗ ಇದ್ದಾವಗ ತಡಿಯಾಕ ಬರೂದಿಲ್ಲ.
ಹಾರಿದಾವ ಎಲ್ಲೆರೆ ಇಳೀಬೇಕಲ್ಲ.
ಆತ ಇಳಿಯೂ ಜಾಗಾದಾಗ ನಿಂತಿರೂದು,
ಅದ ನನ್ನ ಆಟ.

ಆ ಶುಕ್ರವಾರ ಕೊನೀ ಸುತ್ತು.
ನನ್ನ ಜೀವದ ಪಟ್ಟಿ ಉಗುರಿನಷ್ಟು, ಆತಂದೂ ಉಗುರಿನಷ್ಟು.
ಕಾಯ್ತಾನ ಹಾರಿದ.
ನಾ ಕಾದೆ.
ಇಳದ. ಹಿಡದೆ. ತಲಿ ಮ್ಯಾಲ ಎತ್ತಿದೆ,

ಕರೆಂಟ್ ಹೋತು.

ಗಾಜಿನ ನಡುವ ಒಂದು ಬಿಳೀ ಚುಕ್ಕಿ, ಅದೂ ಹೋತು.
ಕರೀ ಗಾಜಿನಾಗ ಆತನ ಮುಖ, ನನ್ನ ಮುಖ,
ಇಬ್ಬರ ಮೂಗಿನ ಮ್ಯಾಲೂ ಕಲ್ಲಿದ್ದಲು.
ಇನಾಸಿನ್ ಬಾಯಿ ಪೆಟಿಗಿ ತಗದು
ಒಂದು ರೂಪಾಯಿ ವಾಪಸ್ ಕೊಟ್ಲು. ಒಂದ.
ಯಾರದಂತ ಹೇಳಲಿಲ್ಲ.
ಹೊರಗ ಯಾರೋ ಒದರಿದ್ರು, "ನೀರು ಬಂತೂ!"
ನಾ ಓಡಿದೆ.

ಮಷೀನು ಗುಜರಿಗೆ ಹೋಗಿ ವರ್ಷಾದ್ವು.
ಹುಡುಗ ಯಾವುದೋ ಹಡಗದಾಗ ಅದಾನಂತ, ಅಡಗಿ ಮಾಡತಾನಂತ.
ಆ ರೂಪಾಯಿ ಆತನ ಕಡೆ ಐತೋ ಏನೋ.
ಗೋಣಿಚೀಲ ಮಾತ್ರ ಎತ್ತಿದಾವ ಇನ್ನೂ ಇಳಿಸಿಲ್ಲ,
ಆ ಕತ್ತಲಾಗ ತೋಳು ನಡಗತಾವ,
ಕರೆಂಟ್ ಬರೂತನಕ
ಕಾಯ್ತಾನ.